ಬಳ್ಳಿಗಾವೆಯ ಕೋಡಿಯಮಠ: ಒಂದು ಊರು ಎಲ್ಲರಿಗೂ ಎಡೆಯಾದ ಬಗೆ

೧

ಕರ್ನಾಟಕದ ಪ್ರಾಚೀನ ಸಂಸ್ಕೃತಿಯನ್ನು ಕುರಿತು ಮಾತನಾಡುವಾಗ ನಾವು ಅದರ ಸಮನ್ವಯದೃಷ್ಟಿಯನ್ನು ಬಾಯ್ತುಂಬ ಹೊಗಳುವುದುಂಟು. ಸಂಘದ ವಾರ್ಷಿಕೋತ್ಸವಗಳಲ್ಲಿ, ನಾಡಹಬ್ಬದ ವೇದಿಕೆಗಳಲ್ಲಿ ಈ ಹೊಗಳಿಕೆಗೆ ಕೊರತೆಯಿಲ್ಲ. ಆದರೆ ಸಮನ್ವಯವೆಂಬುದು ಕವಿಗಳ ಕಲ್ಪನೆಯಲ್ಲಿ ಮಾತ್ರ ಇದ್ದಿತೋ, ಇಲ್ಲವೆ ಒಂದು ಊರಿನ ನಿತ್ಯಜೀವನದಲ್ಲಿ, ಅದರ ಅಡುಗೆಯ ಮನೆಯಲ್ಲಿ, ಪಾಠಶಾಲೆಯಲ್ಲಿ, ಔಷಧಶಾಲೆಯಲ್ಲಿ ಮೈದಾಳಿದ್ದಿತೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಭಿನ್ನಮತದವರು, ಭಿನ್ನದೇಶದವರು, ಅಂಗವೈಕಲ್ಯವುಳ್ಳವರು, ರೋಗಿಗಳು, ವಿದ್ಯಾರ್ಥಿಗಳು, ವೃದ್ಧ ಗುರುಗಳು ಇವರೆಲ್ಲರೂ ಒಂದೇ ಎಡೆಯಲ್ಲಿ ಬಾಳುವುದಕ್ಕೆ ಏನೇನು ಬೇಕಾಗುತ್ತದೆ? ಅದಕ್ಕೆ ಹಣ ಯಾರದು? ಹೊಣೆ ಯಾರದು? ಒಂದು ತಲೆಮಾರಿನ ಉತ್ಸಾಹ ಮುಂದಿನ ತಲೆಮಾರಿಗೆ ಸಲ್ಲುವುದು ಹೇಗೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದಕ್ಕೆ ತಕ್ಕ ಒಂದು ದಾಖಲೆ ನಮ್ಮಲ್ಲಿದೆ. ಅದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿರುವ ಕ್ರಿ.ಶ. ೧೧೬೨ರ ಶಿಲಾಶಾಸನ. ಬಿ. ಎಲ್. ರೈಸರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಇದು ಬೆಳಕು ಕಂಡಿತು. ಅಂದಿನಿಂದ ಇಂದಿನವರೆಗೆ ಕಾಳಾಮುಖ ಶೈವರ ಚರಿತ್ರೆಯನ್ನು ಬರೆದವರೆಲ್ಲರೂ ಇದನ್ನು ಉಲ್ಲೇಖಿಸಿದ್ದಾರೆ. ಆದರೆ ಹೆಚ್ಚಿನವರ ಲಕ್ಷ್ಯವೆಲ್ಲ ಗುರುಪರಂಪರೆಯ ಕಡೆಗೋ, ಶಾಸ್ತ್ರಗಳ ಪಟ್ಟಿಯ ಕಡೆಗೋ ಹರಿದಿದೆ. ಈ ಲೇಖನದಲ್ಲಿ ಆ ಶಾಸನವನ್ನು ಒಂದು ಊರಿನ ಸಹಜೀವನದ ಸಾಕ್ಷ್ಯವೆಂದು ಓದುವ ಪ್ರಯತ್ನವಿದೆ. ಜೊತೆಗೆ ಆ ಸಾಕ್ಷ್ಯದ ಮೇರೆ ಎಲ್ಲಿಯವರೆಗೆ ಎಂಬುದನ್ನೂ ಗುರುತಿಸಬೇಕಾಗಿದೆ.

೨

ಮೊದಲು ಊರಿನ ಪರಿಚಯವನ್ನು ಮಾಡಿಕೊಳ್ಳೋಣ. ಬಳ್ಳಿಗಾವೆ, ಬಲ್ಲಿಪುರ, ಬಲಿಗ್ರಾಮ ಎಂದು ಶಾಸನಗಳಲ್ಲಿ ಹೆಸರಾದ ಈ ಸ್ಥಳವು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದಿತು. ಇಂದು ನೋಡಿದರೆ ಶಿಕಾರಿಪುರಕ್ಕೆ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ಒಂದು ಸಣ್ಣ ಹಳ್ಳಿ. ಮೂರು ಗರ್ಭಗುಡಿಗಳುಳ್ಳ ಕೇದಾರೇಶ್ವರ ದೇವಾಲಯ, ತ್ರಿಪುರಾಂತಕ ದೇವಾಲಯ, ಗಂಡಭೇರುಂಡ ಸ್ತಂಭ, ಅಲ್ಲಲ್ಲಿ ನಿಂತಿರುವ ಶಾಸನಶಿಲೆಗಳು ಇವಿಷ್ಟೇ ಹಿಂದಿನ ವೈಭವಕ್ಕೆ ಉಳಿದ ಕುರುಹುಗಳು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಾದರೋ ಇದು ವರ್ತಕರ, ಶಿಲ್ಪಿಗಳ, ಪಂಡಿತರ, ಅಧಿಕಾರಿಗಳ ಸಂದಣಿಯಿಂದ ತುಂಬಿದ ಪಟ್ಟಣ.

ಈ ಪಟ್ಟಣದಲ್ಲಿ ಹಲವು ಮತಗಳು ಒಟ್ಟಿಗೆ ಬೇರೂರಿದ ಬಗೆಯನ್ನು ಶಾಸನಗಳ ಕಾಲಾನುಕ್ರಮದಲ್ಲಿ ಕಾಣಬಹುದು. ೧೦೩೬ರಲ್ಲಿ ಚಾಲುಕ್ಯ ಚಕ್ರವರ್ತಿ ಎರಡನೆಯ ಜಯಸಿಂಹನು ಪಂಚಲಿಂಗ ದೇವಾಲಯದ ಕಾಳಾಮುಖ ಗುರುವಾದ ಲಕುಳೀಶ್ವರ ಪಂಡಿತನಿಗೆ ದತ್ತಿಯನ್ನಿತ್ತನು. ೧೦೪೭ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯನು ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದನು. ಮರುವರ್ಷ, ೧೦೪೮ರಲ್ಲಿ, ಅದೇ ಚಾವುಂಡರಾಯನಿಂದಲೇ ಜಜಾಹುತಿ ಶಾಂತಿನಾಥನ ಸಂಬಂಧವುಳ್ಳ ಜೈನ ಬಸದಿಗೆ ದತ್ತಿ ಸಂದಿತು. ಜಿನನಿಗೆ, ವಿಷ್ಣುವಿಗೆ, ಈಶ್ವರನಿಗೆ, ಮುನಿಗಣಕ್ಕೆ ಹೀಗೆ ನಾಲ್ಕು ಬಗೆಯ ನಿಲಯಗಳನ್ನು ನಾಗವರ್ಮನೆಂಬವನು ಕಟ್ಟಿಸಿದನೆಂಬ ವಿವರವೂ ಆ ಶಾಸನದಲ್ಲಿದೆ. ೧೦೬೫ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದನು. ಅಲ್ಲಿ ತಾರಾ ಭಗವತಿಗೂ ಲೋಕೇಶ್ವರನಿಗೂ ಪೂಜೆ ನಡೆಯುವಂತೆ ಏರ್ಪಡಿಸಿದನು. ಅದಕ್ಕೆ ಹತ್ತಿರದ ಕಾಲದಲ್ಲಿಯೇ ನಾಗಿಯಕ್ಕನೆಂಬ ಮಹಿಳೆಯು ತಾರೆಯ ಪ್ರತಿಮೆಯೊಂದನ್ನು ಮಾಡಿಸಿದಳು. ೧೦೬೮ರಲ್ಲಿ, ಬನವಾಸಿಯನ್ನು ಆಳುತ್ತಿದ್ದ ಲಕ್ಷ್ಮರಸನು ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಲು ಕಾರಣನಾದವನು ಅವನ ಅಧಿಕಾರಿಯೂ ‘ಸುಕುಮಾರಚರಿತ’ದ ಕವಿಯೂ ಆದ ಶಾಂತಿನಾಥ.

ಕೇವಲ ಮೂವತ್ತೆರಡು ವರ್ಷಗಳ ಅವಧಿಯಲ್ಲಿ, ಒಂದೇ ಪಟ್ಟಣದಲ್ಲಿ, ಶೈವ, ಜೈನ, ವೈಷ್ಣವ, ಬೌದ್ಧ ಸ್ಥಾನಗಳೆಲ್ಲ ರಾಜಾಶ್ರಯವನ್ನು ಪಡೆದವು. ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂಬ ಐದು ಮಠಗಳಿಂದ ಈ ಊರು ಶೋಭಿಸುತ್ತದೆ ಎಂದು ಅನಂತರದ ಶಾಸನವೊಂದು ಹೆಮ್ಮೆಪಡುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಮತಗಳು ಬೇರೆಯಾದರೂ ಕೆರೆ ಒಂದೇ, ಸಂತೆ ಒಂದೇ. ಭೂಮಿಯನ್ನು ಅಳೆಯುವ ‘ಭೇರುಂಡಗಳೆ’ಯೆಂಬ ಕೋಲಿನ ಹೆಸರು ಶಾಸನಗಳಲ್ಲಿ ಬರುತ್ತದೆ, ಇಂಥ ಅಳತೆಯ ಕೋಲು ಮತಕ್ಕೊಂದರಂತೆ ಇರಲು ಸಾಧ್ಯವಿಲ್ಲ. ಸಹಜೀವನದ ಮೊದಲ ಅಡಿಗಲ್ಲು ತತ್ತ್ವವಲ್ಲ, ಸಮಾನವಾದ ಅಳತೆ ಎಂಬುದನ್ನು ಈ ಸಣ್ಣ ವಿವರವು ಸೂಚಿಸುತ್ತದೆ.

೩

ಇಂಥ ಪಟ್ಟಣದಲ್ಲಿ ತಾವರೆಗೆರೆಯ ಬಳಿ ದಕ್ಷಿಣ ಕೇದಾರೇಶ್ವರನ ಸ್ಥಾನವಿದ್ದಿತು. ಅದಕ್ಕೆ ಸೇರಿದ ಮಠವೇ ಕೋಡಿಯಮಠ. ಕೆರೆಯ ಕೋಡಿಯ ಸಮೀಪದಲ್ಲಿದ್ದುದರಿಂದ ಈ ಹೆಸರು ಬಂದಿರಬೇಕು. ಮಠದ ಯತಿಗಳು ಕಾಳಾಮುಖ ಶೈವರು. ಶಕ್ತಿಪರಿಷೆಗೆ, ಮೂವರ ಕೋಣೆಯ ಸಂತತಿಗೆ ಸೇರಿದವರು. ಕಳಚುರಿ ಬಿಜ್ಜಳನು ದಕ್ಷಿಣ ದಿಕ್ಕಿನ ವಿಜಯಯಾತ್ರೆಯಲ್ಲಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ ಈ ಸ್ಥಾನದ ಮಹಿಮೆಯನ್ನು ಅವನಿಗೆ ಬಿನ್ನವಿಸಲಾಯಿತು. ಆಗ ಕೊಟ್ಟ ದತ್ತಿಯ ದಾಖಲೆಯೇ ೧೧೬೨ರ ಶಾಸನ.

ಶಾಸನವು ಮಠವನ್ನು ವರ್ಣಿಸುವ ಕ್ರಮ ಗಮನಾರ್ಹವಾದದ್ದು. ಮೊದಲು ಬರುವುದು ವಿದ್ಯೆ. ನಾಲ್ಕು ವೇದಗಳು, ಅವುಗಳ ಅಂಗಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ತಮ್ಮದೇ ಆದ ಲಾಕುಳ ಸಿದ್ಧಾಂತ, ಪತಂಜಲಿಯ ಯೋಗಶಾಸ್ತ್ರ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇವೆಲ್ಲವನ್ನೂ ವ್ಯಾಖ್ಯಾನಿಸುವ ಎಡೆ ಈ ಮಠ ಎಂದು ಹೇಳಿದೆ. ಶಾಕಟಾಯನ ವ್ಯಾಕರಣವು ಜೈನರದು. ಬೌದ್ಧದರ್ಶನವು ಶೈವರಿಗೆ ಪ್ರತಿಪಕ್ಷ. ಪ್ರತಿಪಕ್ಷದ ಗ್ರಂಥವನ್ನು ಪಾಠದ ಪಟ್ಟಿಯಲ್ಲಿ ಸೇರಿಸಿಕೊಂಡ ಮಠವನ್ನು ನಾವು ಇಲ್ಲಿ ಕಾಣುತ್ತೇವೆ. ಖಂಡಿಸುವುದಕ್ಕಾಗಿಯೇ ಓದಿದರು ಎಂದು ಇಟ್ಟುಕೊಂಡರೂ, ಓದದೆ ಖಂಡಿಸಲಿಲ್ಲ ಎಂಬ ಮಟ್ಟಿಗಾದರೂ ಅದು ಶ್ಲಾಘ್ಯವೇ.

ಎರಡನೆಯದು ಅನ್ನ. ಅನ್ನವನ್ನು ಪಡೆಯುವವರ ಪಟ್ಟಿಯನ್ನು ಶಾಸನವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ದೀನರು, ಅನಾಥರು, ಪಂಗು, ಅಂಧ, ಬಧಿರರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ನರ್ತಕರು, ವೈತಾಳಿಕರು, ಬತ್ತಲೆಯಿರುವವರು, ಮೈ ಜರ್ಜರಿತರಾದವರು, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರು, ಒಟ್ಟಿನಲ್ಲಿ ನಾನಾದೇಶಗಳಿಂದ ಬಂದ ಭಿಕ್ಷುಕಜನರೆಲ್ಲ. ಮೂರನೆಯದು ಔಷಧ: ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಎಡೆ ಅದು. ನಾಲ್ಕನೆಯದು ಅಭಯ: ಸಕಲ ಪ್ರಾಣಿಗಳಿಗೂ ಅಂಜಿಕೆಯಿಲ್ಲದ ಎಡೆ.

ಜೈನಧರ್ಮದಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಪ್ರಸಿದ್ಧವಾಗಿವೆ. ಕಾಳಾಮುಖ ಮಠದ ವರ್ಣನೆಯಲ್ಲಿ ಇರುವ ನಾಲ್ಕು ಅಂಶಗಳೂ ಇವೇ. ಬಳ್ಳಿಗಾವೆಯ ಬಸದಿಗಳ ನೆರೆಯಲ್ಲಿ ನೂರಾರು ವರ್ಷ ಬಾಳಿದ ಶೈವರು ತಮ್ಮ ಸೇವೆಯ ಆದರ್ಶವನ್ನು ಹೇಳುವಾಗ ನೆರೆಯವರ ಪರಿಭಾಷೆಯ ಅಚ್ಚಿನಲ್ಲಿಯೇ ಹೇಳಿದರೆಂದು ಊಹಿಸುವುದು ಅಸಂಗತವಾಗಲಾರದು. ವಾದದಲ್ಲಿ ಸೋಲಿಸಬೇಕೆಂದಿದ್ದ ನೆರೆಯವನಿಂದ ಮನುಷ್ಯನು ಕಲಿಯುವುದು ಹೀಗೆಯೇ.

ಎರಡು ಶಬ್ದಗಳ ಮೇಲೆ ವಿಶೇಷ ಗಮನವಿರಬೇಕು. ಒಂದು, ‘ಸ್ಥಾನ’. ವಿದ್ಯೆ, ಅನ್ನ, ಔಷಧ, ಅಭಯ ಪ್ರತಿಯೊಂದರ ಕೊನೆಗೂ ಈ ಶಬ್ದವು ಮರುಕಳಿಸುತ್ತದೆ. ಹಬ್ಬದ ದಿನ ಮಾಡುವ ದಾನಕ್ಕೂ, ದಾನಕ್ಕಾಗಿಯೇ ಒಂದು ಸ್ಥಾನವಿರುವುದಕ್ಕೂ ವ್ಯತ್ಯಾಸ ಬಹಳ. ದಾನವು ಕೊಡುವವನ ಮನಸ್ಸನ್ನು ಅವಲಂಬಿಸಿದೆ. ಸ್ಥಾನವು ನಾಳೆಯೂ ಅಲ್ಲಿಯೇ ಇರುತ್ತದೆ. ಕುರುಡನು ಕೈಹಿಡಿದು ಕರೆದೊಯ್ಯುವವರಿಲ್ಲದೆ ಇದ್ದರೂ ದಾರಿಯನ್ನು ರೂಢಿಮಾಡಿಕೊಂಡು ಬರಬಹುದಾದದ್ದು ಸ್ಥಾನಕ್ಕೆ ಮಾತ್ರ. ಇನ್ನೊಂದು ಶಬ್ದ, ಅನ್ನದಾನಕ್ಕೆ ವಿಶೇಷಣವಾಗಿ ಬರುವ ‘ಅನಿವಾರ್ಯ’. ಇಂದಿನ ಕನ್ನಡದಲ್ಲಿ ಇದಕ್ಕೆ ‘ಬೇರೆ ದಾರಿಯಿಲ್ಲದ’ ಎಂಬ ಅರ್ಥ. ಶಾಸನದಲ್ಲಿ ಅದು ‘ತಡೆಯಿಲ್ಲದ’ ಎಂಬ ಮೂಲಾರ್ಥದಲ್ಲಿದೆ. ಬಾಗಿಲಿನಲ್ಲಿ ನಿಂತು ಇವನು ಯಾರು, ಯಾವ ಮತದವನು, ಯಾವ ದೇಶದವನು ಎಂದು ತಡೆಯುವವರಿಲ್ಲ ಎಂಬುದು ಭಾವ.

ಅಂಗವೈಕಲ್ಯವುಳ್ಳವರನ್ನು ಬೇರೆಯ ಒಂದು ವರ್ಗವೆಂದು ದೂರವಿಡದೆ ಗಾಯಕರ, ನರ್ತಕರ, ಸಂನ್ಯಾಸಿಗಳ ಸಾಲಿನಲ್ಲಿಯೇ ಎಣಿಸಿರುವುದೂ ಚಿಂತನಾರ್ಹ. ದುಡಿಯಲಾರದವರು, ದುಡಿಮೆಯಿಂದ ಧಾನ್ಯವನ್ನು ಬೆಳೆಯದ ಕಲಾವಿದರು, ದುಡಿಮೆಯನ್ನು ತೊರೆದ ಯತಿಗಳು ಈ ಮೂವರಿಗೂ ಪಂಕ್ತಿ ಒಂದೇ. ಕುಂಟನು ಕನಿಕರಕ್ಕೆ ಪಾತ್ರನಾಗಿ ಉಣ್ಣುತ್ತಾನೆ, ಕಥಕನು ಕಲೆಗಾಗಿ ಉಣ್ಣುತ್ತಾನೆ ಎಂಬ ಭೇದವನ್ನು ಶಾಸನಕಾರನು ಕಾಣಿಸಿಲ್ಲ.

೪

ಇಷ್ಟನ್ನು ಓದಿದ ವಿಮರ್ಶಕನ ಮನಸ್ಸಿನಲ್ಲಿ ಸಂದೇಹವು ಏಳದೆ ಇರದು. ಶಾಸನವೆಂದರೆ ಪ್ರಶಸ್ತಿ. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆ ಸಹಜ. ರಾಜನಿಂದ ಭೂಮಿಯನ್ನು ಪಡೆಯಬೇಕೆಂಬ ಉದ್ದೇಶದಿಂದ ರಚಿತವಾದ ವಾಕ್ಯಗಳನ್ನು ನಂಬಬಹುದೆ?

ಸಂದೇಹವು ನ್ಯಾಯವಾದದ್ದು. ಅದನ್ನು ಪರೀಕ್ಷಿಸುವುದಕ್ಕೆ ಅದೇ ಕಾಲದ, ಆಸುಪಾಸಿನ ನಾಡುಗಳ ಇತರ ಶಾಸನಗಳನ್ನು ನೋಡಬೇಕು. ಹೈದರಾಬಾದು ಕರ್ನಾಟಕವೆಂದು ಹಿಂದೆ ಕರೆಯುತ್ತಿದ್ದ ಭಾಗದ ನಾಗಾವಿಯಲ್ಲಿ ೧೦೫೮ರ ಶಾಸನವೊಂದಿದೆ. ಅದು ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನದ ವ್ಯವಸ್ಥೆಯನ್ನು ಹೇಳುತ್ತದೆ. ವೇದವನ್ನು ಓದುವವರು ೨೦೦ ಮಂದಿ ಎಂದೂ ಪುಸ್ತಕಗಳನ್ನು ಕಾಯುವ ಸರಸ್ವತೀಭಂಡಾರಿಗರು ೬ ಮಂದಿ ಎಂದೂ ಅಲ್ಲಿ ಲೆಕ್ಕ ಕೊಟ್ಟಿದೆ. ಇದು ಕವಿಯ ಉತ್ಪ್ರೇಕ್ಷೆಯಲ್ಲ, ಕರಣಿಕನ ಲೆಕ್ಕ.

ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯ ತಿರುಮುಕ್ಕೂಡಲಿನಲ್ಲಿ ಚೋಳ ವೀರರಾಜೇಂದ್ರನ ಕಾಲದ, ಸುಮಾರು ೧೦೬೮ರ ಶಾಸನವು ಒಂದು ಆತುರಶಾಲೆಯನ್ನು ವರ್ಣಿಸುತ್ತದೆ. ಅಲ್ಲಿ ೧೫ ಹಾಸಿಗೆಗಳು. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆಗಳನ್ನು ತರುವವರು, ರೋಗಿಗಳ ಶುಶ್ರೂಷೆಗೆ ಇಬ್ಬರು ಮಹಿಳೆಯರು. ಇವರೆಲ್ಲರ ವೇತನವನ್ನೂ ಔಷಧಗಳ ಹೆಸರುಗಳನ್ನೂ ಕಲ್ಲಿನ ಮೇಲೆ ಕೆತ್ತಿದೆ. ದೇವಾಲಯಗಳಿಗೆ ಹೊಂದಿಕೊಂಡು ಔಷಧಶಾಲೆಗಳು ನಿಜವಾಗಿ ನಡೆಯುತ್ತಿದ್ದವು ಎಂಬುದಕ್ಕೆ ಇದು ನಿಸ್ಸಂದಿಗ್ಧವಾದ ಪ್ರಮಾಣ. ಆದರೆ ತಿರುಮುಕ್ಕೂಡಲಿನ ಆತುರಶಾಲೆಯು ಮುಖ್ಯವಾಗಿ ಅಲ್ಲಿಯ ವಿದ್ಯಾರ್ಥಿಗಳಿಗೂ ದೇವಾಲಯದ ಸಿಬ್ಬಂದಿಗೂ ಮೀಸಲಾಗಿದ್ದಿತು. ಕೋಡಿಯಮಠವು ದಿಕ್ಕಿಲ್ಲದ ರೋಗಿಗಳನ್ನು ಹೆಸರಿಸಿದೆ. ಒಂದು ತನ್ನವರನ್ನು ಕಾಯುವ ಸಂಸ್ಥೆ. ಇನ್ನೊಂದು ಅನ್ಯರಿಗೆ ಬಾಗಿಲು ತೆರೆದ ಸಂಸ್ಥೆ.

ಮೂರನೆಯದು ಆಂಧ್ರದ ಗುಂಟೂರು ಪ್ರಾಂತದ ಮಲ್ಕಾಪುರಂ ಶಾಸನ, ೧೨೬೧ರದು. ಕಾಕತೀಯ ರುದ್ರಮದೇವಿಯ ಕಾಲದಲ್ಲಿ ವಿಶ್ವೇಶ್ವರ ಶಿವಾಚಾರ್ಯನು ಸ್ಥಾಪಿಸಿದ ಗೋಳಕಿಮಠದ ಏರ್ಪಾಡುಗಳು ಅದರಲ್ಲಿವೆ. ಪ್ರಸೂತಿಶಾಲೆ, ಆರೋಗ್ಯಶಾಲೆ, ಅನ್ನಸತ್ರ ಇವಕ್ಕೆ ಗ್ರಾಮದ ಉತ್ಪನ್ನದಲ್ಲಿ ಪಾಲನ್ನು ಗೊತ್ತುಪಡಿಸಿದೆ. ಬ್ರಾಹ್ಮಣನಿಂದ ಚಂಡಾಲನವರೆಗೆ ಬಂದವರೆಲ್ಲರಿಗೂ ಅನ್ನವನ್ನು ಇಕ್ಕಬೇಕೆಂದು ಸ್ಪಷ್ಟವಾಗಿ ವಿಧಿಸಿದೆ. ಬಳ್ಳಿಗಾವೆಯ ಶಾಸನಕ್ಕೆ ಸುಮಾರು ನೂರು ವರ್ಷಗಳ ಅನಂತರ, ಬೇರೊಂದು ಶೈವ ಸಂಪ್ರದಾಯದಲ್ಲಿ, ಅದೇ ಆದರ್ಶವು ಇನ್ನೂ ಬಿಚ್ಚುಮಾತಿನಲ್ಲಿ ಕಾಣಿಸಿಕೊಂಡಿರುವುದು ಗಮನಾರ್ಹ.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ನಿರ್ಣಯಕ್ಕೆ ಬರಬಹುದು. ಕೋಡಿಯಮಠದ ಶಾಸನದಲ್ಲಿ ಹಾಸಿಗೆಗಳ ಸಂಖ್ಯೆಯಿಲ್ಲ, ವೈದ್ಯನ ವೇತನವಿಲ್ಲ; ಆ ಮಟ್ಟಿಗೆ ಅದು ವರ್ಣನೆ. ಆದರೆ ವರ್ಣಿಸಿದ ಬಗೆಯ ಸಂಸ್ಥೆಗಳು ಆ ಕಾಲದ ದಕ್ಷಿಣ ಭಾರತದಲ್ಲಿ ವಸ್ತುತಃ ಇದ್ದವು; ಅವುಗಳಿಗೆ ಆದಾಯ ವ್ಯಯಗಳ ಲೆಕ್ಕವಿದ್ದಿತು. ಕೇದಾರೇಶ್ವರನಿಗೆ ಸಂದ ದತ್ತಿಗಳಲ್ಲಿಯೂ ದೇವರ ಪೂಜೆಯೊಡನೆ ಜೀರ್ಣೋದ್ಧಾರ, ಆಹಾರದಾನ, ವಿದ್ಯಾದಾನ ಇವು ಉದ್ದೇಶಗಳಾಗಿ ಬರುತ್ತವೆ. ಇನ್ನೊಂದು ಮಾತನ್ನೂ ಮರೆಯಬಾರದು. ಹೊಗಳಿಕೆಯೂ ಒಂದು ಪ್ರಮಾಣವೇ. ಒಂದು ಸಮಾಜವು ಯಾವುದನ್ನು ಹೊಗಳಲು ತಕ್ಕದ್ದೆಂದು ಬಗೆಯುತ್ತದೆ ಎಂಬುದು ಅದರ ಮನಸ್ಸಿನ ಕನ್ನಡಿ. ಚಕ್ರವರ್ತಿಯ ಮುಂದೆ ಮಠವನ್ನು ಹೊಗಳಬೇಕಾದಾಗ ಅದರ ಗೋಪುರದ ಎತ್ತರವನ್ನಷ್ಟೇ ಹೇಳದೆ ಅಲ್ಲಿ ಕುಂಟರೂ ಕುರುಡರೂ ಕಿವುಡರೂ ಉಣ್ಣುತ್ತಾರೆ ಎಂದು ಹೇಳಿದರೆ ಅವನು ಮೆಚ್ಚುವನೆಂಬ ಭರವಸೆ ಆ ಕವಿಗೆ ಇದ್ದಿತಷ್ಟೆ.

೫

ಸಂಸ್ಥೆಯನ್ನು ಕಟ್ಟುವುದಕ್ಕಿಂತ ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ಕಷ್ಟ. ಕೋಡಿಯಮಠದ ಗುರುಪರಂಪರೆಯಲ್ಲಿ ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ, ಜ್ಞಾನಶಕ್ತಿ ಮುಂತಾದವರ ಹೆಸರುಗಳು ಬರುತ್ತವೆ. ಸುಮಾರು ಒಂದು ಶತಮಾನದ ಉದ್ದಕ್ಕೂ ಈ ಸಾಲು ಕಡಿಯದೆ ನಡೆಯಿತು. ಅಷ್ಟರಲ್ಲಿ ರಾಜ್ಯವು ಚಾಲುಕ್ಯರ ಕೈಯಿಂದ ಕಳಚುರಿಗಳ ಕೈಗೆ, ಆಮೇಲೆ ಹೊಯ್ಸಳರ ಕೈಗೆ ಹೋಯಿತು. ರಾಜಗುರುವೆಂದು ಖ್ಯಾತನಾದ ವಾಮಶಕ್ತಿಯೊಬ್ಬನೇ ತನ್ನ ದೀರ್ಘವಾದ ಆಚಾರ್ಯತ್ವದಲ್ಲಿ ಇವೆಲ್ಲ ಸ್ಥಿತ್ಯಂತರಗಳನ್ನು ಕಂಡವನು. ಅರಸರು ಬದಲಾದರೂ ಒಲೆ ಆರದಂತೆ ನೋಡಿಕೊಂಡದ್ದು ಸಾಮಾನ್ಯವಾದ ಸಾಧನೆಯಲ್ಲ.

ಇದರಲ್ಲಿ ಒಂದು ಪ್ರಸಂಗ ಬಹು ಸ್ವಾರಸ್ಯವಾಗಿದೆ. ಮೂರನೆಯ ಸೋಮೇಶ್ವರನ ಆಳ್ವಿಕೆಯ ೧೧೨೯ರ ಶಾಸನದ ಪ್ರಕಾರ, ಮಠವು ವಿದ್ಯಾಭರಣನಿಗೆ ವಹಿಸಲ್ಪಟ್ಟಿತು. ಆಡಳಿತದ ವ್ಯವಹಾರವು ತನ್ನ ವಿದ್ಯಾನಂದಕ್ಕೆ ಅಡ್ಡಿಯಾಗುವುದೆಂದು ಬಗೆದು ಅವನು ಅಧಿಕಾರವನ್ನು ತನ್ನ ಶಿಷ್ಯನಿಗೆ ಒಪ್ಪಿಸಿದನು. ಪೀಠವನ್ನು ಬಿಟ್ಟುಕೊಟ್ಟವನು ಮಠವನ್ನು ಬಿಡಲಿಲ್ಲ, ವಿದ್ವಾಂಸನಾಗಿ ಬೆಳಗಿದನು. ಹಿರಿಯನಿಗೆ ಅವನ ಶಕ್ತಿಗೆ ತಕ್ಕ ಕೆಲಸ, ಕಿರಿಯನಿಗೆ ಅವನ ಪ್ರಾಯಕ್ಕೆ ತಕ್ಕ ಹೊಣೆ. ಅಧಿಕಾರವು ಕೈಬದಲಾಗುವಾಗ ಮನಸ್ತಾಪಕ್ಕೆ ಎಡೆಯಿಲ್ಲದಂತೆ ಮಾಡಿದ ಈ ಏರ್ಪಾಡು, ಅಧ್ಯಕ್ಷಪದವಿಗಾಗಿ ವರ್ಷವರ್ಷವೂ ಕಲಹವನ್ನು ಕಾಣುವ ಸಂಘಗಳಿಗೆ ಸಣ್ಣ ಪಾಠವಲ್ಲ.

೬

ಚರಿತ್ರಕಾರನು ಇಲ್ಲಿಗೆ ನಿಂತರೆ ಅವನು ಚರಿತ್ರೆಯನ್ನು ಬರೆಯದೆ ಪ್ರಶಸ್ತಿಯನ್ನು ಬರೆದಂತಾಗುತ್ತದೆ. ಈ ಚಿತ್ರಕ್ಕೆ ನೆರಳೂ ಉಂಟು.

ಮೇಲೆ ಹೇಳಿದ ೧೦೩೬ರ ಶಾಸನವೇ ಲಕುಳೀಶ್ವರ ಪಂಡಿತನನ್ನು ಬೌದ್ಧಸಮುದ್ರಕ್ಕೆ ಬಡಬಾಗ್ನಿಯೆಂದೂ ಇತರ ವಾದಿಗಳಿಗೆ ವಜ್ರಾಯುಧವೆಂದೂ ಹೊಗಳುತ್ತದೆ. ಇದು ವಾದಸಭೆಯ ಕಾವ್ಯಭಾಷೆ, ನಿಜ. ಆದರೆ ಊರಿನಲ್ಲಿ ಮತಗಳ ನಡುವೆ ಪೈಪೋಟಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಅದಕ್ಕಿಂತ ಕಟುವಾದ ಸಾಕ್ಷ್ಯವು ಬಳ್ಳಿಗಾವೆಗೆ ಬಹು ದೂರವಲ್ಲದ, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಅಬ್ಬಲೂರಿನದು. ಸುಮಾರು ೧೨೦೦ರ ಕಾಲದ ಅಲ್ಲಿಯ ಶಾಸನವು ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಪಣವನ್ನೂ, ಅದರಲ್ಲಿ ಗೆದ್ದ ರಾಮಯ್ಯನು ಜಿನಬಿಂಬವನ್ನು ಭಂಗಿಸಿದುದನ್ನೂ, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟುದನ್ನೂ ಹೇಳುತ್ತದೆ. ಕೋಡಿಯಮಠಕ್ಕೆ ದತ್ತಿಯನ್ನಿತ್ತ ಬಿಜ್ಜಳನೇ ಈತ. ಒಂದೇ ಅರಸನ ಆಳ್ವಿಕೆಯಲ್ಲಿ, ಒಂದೇ ಸೀಮೆಯಲ್ಲಿ, ಕ್ಷಪಣಕನಿಗೆ ಅನ್ನವಿಕ್ಕುವ ಮಠವೂ ಇದ್ದಿತು, ಬಸದಿಯ ಪ್ರತಿಮೆಯನ್ನು ಒಡೆಯುವ ಆವೇಶವೂ ಇದ್ದಿತು. ಸೌಹಾರ್ದವು ನಮ್ಮ ನಾಡಿನ ಮಣ್ಣಿನ ಗುಣವೆಂದು ನಂಬಿ ಕೈಕಟ್ಟಿ ಕೂರುವವರಿಗೆ ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿಸಬೇಕು. ಅದು ಮಣ್ಣಿನ ಗುಣವಲ್ಲ. ಕೆಲವರು ಕೆಲವೆಡೆ ಪ್ರಯತ್ನಪಟ್ಟು ಕಟ್ಟಿದ್ದು. ಪ್ರಯತ್ನವು ನಿಂತಲ್ಲಿ ಅದೂ ನಿಲ್ಲುತ್ತದೆ.

ಎರಡನೆಯದು, ಶಾಸನದ ಮೌನ. ಅನ್ನವನ್ನು ಪಡೆಯುವವರ ಪಟ್ಟಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಹೆಸರಿಲ್ಲ. ದೀನ, ಅನಾಥ ಎಂಬ ಶಬ್ದಗಳಲ್ಲಿ ಅವರು ಸೇರಿದ್ದರೋ ಇಲ್ಲವೋ ಶಾಸನವು ಹೇಳುವುದಿಲ್ಲ. ಮಲ್ಕಾಪುರಂ ಶಾಸನದ ಸ್ಪಷ್ಟೋಕ್ತಿ ಇಲ್ಲಿ ಕಾಣದು. ವ್ಯಾಕರಣ ದರ್ಶನಗಳನ್ನು ಓದಿದವರಲ್ಲಿ ಹೆಣ್ಣುಮಕ್ಕಳಿದ್ದ ಸೂಚನೆಯೂ ಇಲ್ಲ. ನಾಗಿಯಕ್ಕನಂತಹವರು ದಾನಿಗಳಾಗಿ ಕಾಣಿಸಿಕೊಳ್ಳುತ್ತಾರೆ, ನರ್ತಕಿಯರು ಸೇವಕಿಯರಾಗಿ ಕಾಣಿಸಿಕೊಳ್ಳುತ್ತಾರೆ. ಪಾಠದ ಜಗಲಿಯಲ್ಲಿ ಮಾತ್ರ ಹೆಣ್ಣಿನ ನೆರಳು ಬೀಳುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಆಳವಾದದ್ದು. ಕೋಡಿಯಮಠದಲ್ಲಿ ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ. ಬಾಗಿಲು ತೆರೆದಿತ್ತು, ಆದರೆ ಬಾಗಿಲಿನ ಒಳಗಿನವರು ಹೊರಗಿನವರು ಎಂಬ ಭೇದವು ಅಳಿದಿರಲಿಲ್ಲ. ಬಿಜ್ಜಳನ ಕಾಲದಲ್ಲಿಯೇ, ಕಲ್ಯಾಣದಲ್ಲಿ, ಶರಣರು ಪ್ರಶ್ನಿಸಿದ್ದು ಈ ಭೇದವನ್ನೇ. ಅವರ ಕಾಯಕತತ್ತ್ವದಲ್ಲಿ ಪ್ರತಿಯೊಬ್ಬನೂ ದುಡಿಯತಕ್ಕವನು. ದಾಸೋಹತತ್ತ್ವದಲ್ಲಿ ಪ್ರತಿಯೊಬ್ಬನೂ ನೀಡತಕ್ಕವನು. ಚಮ್ಮಾರನೂ ಅಂಬಿಗನೂ ಮಡಿವಾಳನೂ ನೀಡುವ ಕೈಗಳಾದರು. ಹೆಂಗಸರು ಅನುಭಾವದ ಮಾತನ್ನು ಆಡುವವರಾದರು. ಶೂನ್ಯಸಿಂಹಾಸನವನ್ನು ಏರಿದನೆಂದು ಪರಂಪರೆಯು ಹೇಳುವ ಅಲ್ಲಮಪ್ರಭುವು ಬಳ್ಳಿಗಾವೆಯವನು ಎಂಬುದು ಹರಿಹರನ ರಗಳೆಯಿಂದ ತಿಳಿದುಬರುತ್ತದೆ. ಅಕ್ಕಮಹಾದೇವಿಯ ಉಡುತಡಿಯನ್ನೂ ಅದೇ ಸೀಮೆಯಲ್ಲಿ ಗುರುತಿಸುತ್ತಾರೆ. ಅಲ್ಲಮನು ಮದ್ದಳೆ ಬಾರಿಸುವವನಾಗಿದ್ದನೆಂದು ಕಾವ್ಯಗಳು ಹೇಳುತ್ತವೆ. ಕೋಡಿಯಮಠದ ಪಂಕ್ತಿಯಲ್ಲಿ ಉಣ್ಣುತ್ತಿದ್ದ ವಾದಕರ ಸಾಲಿಗೆ ಸೇರಿದ ಕಸುಬು ಅದು. ಆ ಸಾಲಿನವನೊಬ್ಬನು ಮುಂದೆ ಪಂಡಿತರಿಗೆ ಬೋಧಿಸುವ ಎತ್ತರಕ್ಕೆ ಏರಿದನೆಂದು ಕನ್ನಡಿಗರ ನೆನಪು ಉಳಿಸಿಕೊಂಡಿದೆ. ಕೋಡಿಯಮಠವು ಇಂಥವರಿಗೆ ಎಡೆಯನ್ನು ಕೊಟ್ಟಿತು. ಮಾತನ್ನು ಕೊಟ್ಟದ್ದು ಕಲ್ಯಾಣ. ಒಂದರ ನೆಲದ ಮೇಲೆಯೇ ಇನ್ನೊಂದು ಬೆಳೆದಿರಬೇಕೆಂದು ತೋರುತ್ತದೆ. ಹದಿಮೂರನೆಯ ಶತಮಾನದ ಬಳಿಕ ಕಾಳಾಮುಖರ ಹೆಸರು ಕ್ರಮೇಣ ಮರೆಯಾಗಿ, ಅವರ ಮಠಗಳಲ್ಲಿ ಹಲವು ವೀರಶೈವ ಸಂಪ್ರದಾಯದಲ್ಲಿ ಸೇರಿಹೋದುವೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

೭

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಬಳ್ಳಿಗಾವೆಯ ಇತಿಹಾಸದಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಸಲ್ಲುತ್ತವೆ.

ಮೊದಲನೆಯದು, ಬಳ್ಳಿಗಾವೆಯವರೂ ವಲಸೆ ಹೋದವರು ಎಂಬುದು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇವೆ. ಚಾಲುಕ್ಯರ ನಾಡಿನ ಈ ತಂದೆಮಕ್ಕಳು ಹೊಯ್ಸಳರ ನಾಡಿಗೆ ಬಂದು ದುಡಿದರು. ಶೈವಪ್ರಧಾನವಾದ ಪಟ್ಟಣದವರು ವಿಷ್ಣುವಿನ ಗುಡಿಯನ್ನು ಅಲಂಕರಿಸಿದರು. ತಾವು ಮಾಡಿದ ಪ್ರತಿಮೆಯ ಕೆಳಗೆ ತಮ್ಮ ಊರಿನ ಹೆಸರನ್ನು ಕೆತ್ತುವುದನ್ನು ಮರೆಯಲಿಲ್ಲ. ಹೋದ ನಾಡಿಗೆ ತಮ್ಮ ಕೈಯ ಉತ್ತಮವಾದುದನ್ನು ಕೊಟ್ಟು, ಬಂದ ನಾಡಿನ ಹೆಸರನ್ನು ಅದರ ಅಡಿಯಲ್ಲಿ ಬರೆಯುವುದು: ವಲಸೆಗಾರನ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ತಂದೆಯ ಉಳಿ ಮಗನ ಕೈಗೆ ಬಂದದ್ದೂ ಆ ನಾಡಿನಲ್ಲಿಯೇ ಎಂಬುದನ್ನು ಗಮನಿಸಬೇಕು.

ಎರಡನೆಯದು, ಶಾಸನದ ‘ನಾನಾದೇಶ’ ಎಂಬ ಮಾತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನಾವೇ ಆ ನಾನಾದೇಶದವರು. ನಮ್ಮ ಹಿರಿಯರು ಈ ನಗರಗಳಿಗೆ ಬಂದಾಗ ಯಾವುದೋ ಬಾಗಿಲು ತಡೆಯಿಲ್ಲದೆ ತೆರೆದದ್ದರಿಂದಲೇ ನಾವು ಇಲ್ಲಿ ಬೇರೂರಿದೆವು. ಈಗ ನಾವೂ ಬಾಗಿಲುಗಳುಳ್ಳವರಾಗಿದ್ದೇವೆ. ನಮ್ಮ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ, ಸಭಾಭವನಗಳಿವೆ, ಗ್ರಂಥಾಲಯಗಳಿವೆ. ಆ ಬಾಗಿಲುಗಳು ಯಾರಿಗೆ ತೆರೆದಿವೆ? ಮೊದಲನೆಯ ಮಹಡಿಯಲ್ಲಿರುವ ಸಭಾಭವನಕ್ಕೆ ಮೆಟ್ಟಿಲು ಹತ್ತಲಾರದ ಹಿರಿಯ ಸದಸ್ಯನು ಹೇಗೆ ಬರಬೇಕು? ಭಾರತ ಸರ್ಕಾರವು ೨೦೧೬ರಲ್ಲಿ ಮಾಡಿದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. ಕಾನೂನು ಹೇಳಿದ್ದರಿಂದ ಮಾಡುವುದಕ್ಕೂ, ೧೧೬೨ರಲ್ಲಿ ನಮ್ಮವರು ತಾವಾಗಿ ಹೇಳಿಕೊಂಡದ್ದನ್ನು ನೆನೆದು ಮಾಡುವುದಕ್ಕೂ ಅಂತರವುಂಟು. ಕನ್ನಡವನ್ನು ಮನೆಯಲ್ಲಿ ಆಡುತ್ತ ಅದರ ಲಿಪಿಯನ್ನು ಅರಿಯದ ಮೂರನೆಯ ತಲೆಮಾರಿನ ಹುಡುಗಿಯು ಗ್ರಂಥಾಲಯದ ಹೊಸ್ತಿಲಲ್ಲಿ ನಿಂತರೆ ಅವಳನ್ನು ನಗುತ್ತ ಒಳಗೆ ಕರೆಯುವವರು ಇದ್ದಾರೆಯೆ? ನೆರೆಯ ಮರಾಠಿಗನೋ ತೆಲುಗನೋ ತಮಿಳನೋ ನಮ್ಮ ಯಕ್ಷಗಾನವನ್ನು ನೋಡಲು ಬಂದರೆ ಅವನಿಗೆ ಕಥೆಯನ್ನು ಅವನ ಮಾತಿನಲ್ಲಿ ಹೇಳುವವರು ಇದ್ದಾರೆಯೆ? ತುಳು, ಕೊಂಕಣಿ, ಬ್ಯಾರಿ, ಕೊಡವ ಮಾತುಗಳನ್ನಾಡುವ ನಮ್ಮವರೇ ಆದವರು ಕನ್ನಡದ ಸಂಘದಲ್ಲಿ ಅತಿಥಿಗಳಂತೆ ಇರುತ್ತಾರೋ, ಮನೆಯವರಂತೆ ಇರುತ್ತಾರೋ?

ಈ ಪ್ರಶ್ನೆಗಳಿಗೆ ಶಾಸನದಲ್ಲಿ ಸಿದ್ಧವಾದ ಉತ್ತರವಿಲ್ಲ; ಮೂರು ಸೂಚನೆಗಳಿವೆ. ಒಳ್ಳೆಯ ಮನಸ್ಸಿಗೆ ಒಂದು ‘ಸ್ಥಾನ’ವನ್ನು ಮಾಡಿಕೊಡಬೇಕು, ಸ್ಥಾನವಿಲ್ಲದ ಸದ್ಭಾವನೆ ಉತ್ಸವದ ಮರುದಿನ ಉಳಿಯುವುದಿಲ್ಲ. ಆ ಸ್ಥಾನಕ್ಕೆ ಲೆಕ್ಕವಿಟ್ಟ ಆದಾಯವೂ, ಕಾಲಕ್ಕೆ ಸರಿಯಾಗಿ ಹೊಣೆಯನ್ನು ಕಿರಿಯರಿಗೆ ಒಪ್ಪಿಸುವ ಹಿರಿಯರೂ ಬೇಕು. ಕಡೆಯದಾಗಿ, ಕೋಡಿಯಮಠವು ಮಾಡಲಾರದೆ ಉಳಿಸಿದ್ದನ್ನು, ಎಂದರೆ ಉಣ್ಣುವವನನ್ನು ನೀಡುವವನನ್ನಾಗಿ, ಕೇಳುವವನನ್ನು ಹೇಳುವವನನ್ನಾಗಿ ಮಾಡುವುದನ್ನು, ನಾವು ಮುಂದುವರಿಸಬೇಕು.

ಬಳ್ಳಿಗಾವೆಯ ಮಠ ಇಂದಿಲ್ಲ. ಕೇದಾರೇಶ್ವರನ ಗುಡಿಯೂ ಬರೆಹವುಳ್ಳ ಕಲ್ಲುಗಳೂ ಉಳಿದಿವೆ. ಅವುಗಳನ್ನು ಓದಬಲ್ಲವರು ನಾವು. ಓದಿದ್ದನ್ನು ಆಚರಣೆಗೆ ತರುವ ಭಾರವೂ ನಮ್ಮದೇ.